ನಳ ಗಟ್ಟಿ ತಿರುವಬ್ಯಾಡ್ರಿ

"ಟಾವೆಲ್ ತಗೋರಿ..."

ಪದ್ಮಶ್ರೀ ಕೈ ಚಾಚಿದಳು. ತೆಗೆದುಕೊಳ್ಳಬೇಕಾದವನು ಟಾವೆಲ್ ಬಿಟ್ಟು ಅವಳ ಮುಖವನ್ನೇ ನೋಡುತ್ತ ನಿಂತ.

ಅನಗೋಳದ ಆ ಮನೆಯಲ್ಲಿ ಅಂದು ಹೆಣ್ಣು ನೋಡುವ ಶಾಸ್ತ್ರ. ಪಡಸಾಲೆಯಲ್ಲಿ ಹಿರಿಯರು ಮಳೆ, ಬೆಳೆ, ಮಂಡಿನೋವುಗಳ ಬಗ್ಗೆ ಮಾತಾಡುತ್ತ ಮುಖ್ಯ ವಿಷಯವನ್ನು ಜಾಣತನದಿಂದ ಮುಂದೂಡುತ್ತಿದ್ದರು. ವರ ಅನಿಕೇತ ಖಾನಾಪುರದವನು, ಅಲ್ಲಿನ ಹಂಚಿನ ಕಾರ್ಖಾನೆಯಲ್ಲಿ ಮ್ಯಾನೇಜರ್. ಕೈ ತೊಳೆಯುವ ನೆಪದಲ್ಲಿ ಒಳಗೆ ಬಂದಿದ್ದ.

ಅವನು ಕರವಸ್ತ್ರದಿಂದ ಹಣೆ ಒರೆಸಿಕೊಂಡ. ಬಿಳಿ ಬಟ್ಟೆ, ಮೂಲೆಯಲ್ಲಿ ಕೆಂಪು ದಾರದ ಪುಟ್ಟ ಕಸೂತಿ ಗೋಪುರ.

"ಏನ್ ಮಾತಾಡಬೇಕಂತ ಮನ್ಯಾಗ ಬಾಯಿಪಾಠ ಮಾಡ್ಕೊಂಡ ಬಂದಿದ್ದೆರಿ. ನಿಮ್ಮನ್ನ ನೋಡಿ ಎಲ್ಲಾ ಮರತ ಹೋತು. ಮುಖಾ ತೊಳ್ಕೊಂಡ ಬರ್ತೀನಿ, ಆಮ್ಯಾಲೆ ಮಾತಾಡೂಣು... ನಡೀತೈತಿಲ್ರಿ?"

ಪದ್ಮಶ್ರೀಗೆ ನಗು ತಡೆಯಲಾಗಲಿಲ್ಲ. "ಸಾವಕಾಶ ಬರ್ರಿ. ನಾ ಎಲ್ಲೂ ಓಡಿ ಹೋಗಂಗಿಲ್ಲ."

ಬಾತ್‌ರೂಮಿನ ಬಾಗಿಲು ಮುಚ್ಚಿತು. ಅವಳ ಎದೆಯಲ್ಲಿ ಏನೋ ತೆರೆಯಿತು!

ಆದರೆ ಅವನು ಹೊರಗೆ ಬರಲೇ ಇಲ್ಲ...

ಅವಲಕ್ಕಿ ತಣ್ಣಗಾಯಿತು. ಹಿರಿಯರಿಗೆ ಮಂಡಿನೋವಿನ ವಿಷಯವೂ ಮುಗಿಯಿತು. ಕೊನೆಗೂ ಬಾಗಿಲು ತೆರೆದಾಗ ಅನಿಕೇತನ ಅಂಗಿ ಎದೆಯವರೆಗೆ ಒದ್ದೆ, ಮುಖ ಕೆಂಪು, ಬಲಗೈ ಪ್ಯಾಂಟಿನ ಜೇಬಿನಲ್ಲಿ. ಬಂದು ಕುರ್ಚಿಯ ತುದಿಯಲ್ಲಿ ಕುಳಿತ. ಪದ್ಮಶ್ರೀ ತಾಟು ಇಟ್ಟಳು. ಅವನು ತಾಟನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ನೆಲ ನೋಡಿದ.

"ತಗೋಳೋ," ಎಂದರು ಜೊತೆಗೆ ಬಂದಿದ್ದ ಸೋದರಮಾವ ಭರಮಣ್ಣ.

"ಬ್ಯಾಡ ಮಾವಾ... ಏಳ್ರಿ, ಹೋಗೂಣು."

ಹಾಗೆಯೇ ಎದ್ದು ಹೊರಟ. ಕೈ ಸಹ ಮುಗಿಯಲಿಲ್ಲ. ಬಲಗೈ ಜೇಬಿನಿಂದ ಹೊರಗೆ ಬರಲೇ ಇಲ್ಲ.

ಅಜ್ಜಿ ಸಾತವ್ವ ತುಂಬಿದ ತಾಟನ್ನು ನೋಡಿ ತೀರ್ಪು ಕೊಟ್ಟಳು. "ತಾಟಿಗೆ ಕೈ ಹಚ್ಚದ ಎದ್ದ ಅಂದ್ರ ಒಲ್ಲೆ ಅಂದಂಗ. ಬಾಯಿಲೇ ಬ್ಯಾರೆ ಹೇಳಬೇಕೇನು?"

ಆ ಮನೆಯಲ್ಲಿ ಅದು ಅಜ್ಜಿಯ ಕಾನೂನು. ಅದರ ಮೇಲೆ ಅಪೀಲು ಇರಲಿಲ್ಲ.

'ನನ್ನ ಮುಂದ ಅಷ್ಟ ಸವಿ ಮಾತಾಡಿ, ಒಳಗ ಹೋಗಿ ಅಡಗಿ ಕುಂತ್ನಲ್ಲ! ಒಲ್ಲೆ ಅನ್ನಾಕ ಧೈರ್ಯಾ ಇಲ್ದಾಂವ...'

ಪದ್ಮಶ್ರೀಯ ಕಣ್ಣು ತುಂಬಿತು. ಆದರೆ ಅಭಿಮಾನ ಕಣ್ಣೀರಿಗಿಂತ ಚುರುಕಾಗಿತ್ತು.

"ಅವ್ವಾ, ಅವರು ಒಲ್ಲೆ ಅಂತ ಹೇಳಿ ಕಳಸೂಕಿಂತ ಮೊದಲ ನಾವ ಹೇಳಿಬಿಡೂಣು. ಹುಡುಗ ನಮ್ಮ ಹುಡುಗಿ ಮನಸ್ಸಿಗೆ ಬರಲಿಲ್ಲಂತ ಫೋನ್ ಮಾಡು."

"ಒಂದ ನಾಕ ದಿನ ತಡಿಯವಾ..." ಎಂದಳು ತಾಯಿ ಗಂಗಾದೇವಿ.

"ಈಗ ಮಾಡು!"

ಫೋನ್ ಹೋಯಿತು. ಅತ್ತ ಕಡೆಯಿಂದ ಭರಮಣ್ಣ "ಹೂಂ" ಎಂದಷ್ಟೇ ಹೇಳಿ ಇಟ್ಟರು.

ವರ್ಷಗಳು ಉರುಳಿದವು. ಮೊಮ್ಮಗಳ ಮದುವೆಯ ಅಕ್ಕಿಕಾಳಿಗೆಂದು ತೆಗೆದಿಟ್ಟ ಇಳಕಲ್ ಸೀರೆ ಉಡದೆಯೇ ಸಾತವ್ವ ತೀರಿಕೊಂಡಳು. ಪದ್ಮಶ್ರೀ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್ ಆದಳು. ಮತ್ತೆಷ್ಟೋ ವರಗಳು ಬಂದವು. ಬಂದವರೆಲ್ಲ ತಾಟು ಖಾಲಿ ಮಾಡಿದರು. ಒಲ್ಲೆ ಎಂದವಳು ಮಾತ್ರ ಅವಳೇ.

ಯಾರು ನಕ್ಕರೂ, 'ಬಾಯಿಪಾಠ ಮರತ ಹೋತು' ಎಂದವನ ನಗುವೇ ಅಡ್ಡ ಬರುತ್ತಿತ್ತು. ಎಂಥ ಹುಚ್ಚು!

ಈಗ ಹಿಂಡಲಗಾದ ವರ ರವಿವಾರ ಬರುವವನಿದ್ದ. ಪದ್ಮಶ್ರೀ ಈ ಸಲ ದಣಿದು ಹೂಂ ಎಂದುಬಿಟ್ಟಿದ್ದಳು.

"ಹಿಂಡಲಗಾಕ್ಕ ಹೊಂಟಾಳ ಅಂದ್ರ ಮಂದಿ ಏನ್ ತಪ್ಪ ಮಾಡ್ಯಾಳ ಅಂತ ಕೇಳ್ತಾರವ್ವಾ," ಎಂದು ನಗಲು ನೋಡಿದಳು.

"ಜೇಲಿನ ಬಾಜೂಕ ಮನಿ ಇದ್ರ ಮನಿ ಜೇಲ್ ಆಗ್ತೈತೇನ? ಸುಮ್ನಿರು. ಮೊದಲ ಆ ಬಾತ್‌ರೂಮಿನ ಬೇಸಿನ್ನಿನ ನಳಾ ಬದಲಿ ಮಾಡ್ಸು. ಹನಿ ಹನಿ ಸೋರಿ ತಲಿ ತಿಂತೈತಿ. ಬಂದವರು ಏನಂದಾರು?"

ಪ್ಲಂಬರ್ "ಹತ್ತ ನಿಮಿಷದಾಗ ಬಂದೆರಿ ಅಕ್ಕಾರ" ಎಂದು ಹೇಳಿ ಎರಡು ದಿನವಾಗಿತ್ತು. ಶುಕ್ರವಾರ ಶಾಲೆಗೆ ರಜೆ. ಪದ್ಮಶ್ರೀ ಹೊಸ ನಳ, ಬಿಳಿ ಟೇಪು ತಂದಳು. ಟಾಕಿಯ ನೀರು ಬಂದ್ ಮಾಡಿದಳು. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ, ನಳ ಬಿಚ್ಚಲು ಪಕ್ಕದ ಮನೆಯ ಪಾನಾ ಹಿಡಿದು ನಿಂತಳು.

ಗೋಡೆಗೆ ಕಚ್ಚಿಕೊಂಡ ಆ ಹಿತ್ತಾಳೆಯ ನಳ ಮೊದಲು ಅಲುಗಲೇ ಇಲ್ಲ. ಮೂತಿಯಲ್ಲಿ ಸೋರುತ್ತಿದ್ದರೂ ಬುಡದಲ್ಲಿ ಮಾತ್ರ ಅದು ಇಷ್ಟು ವರ್ಷ ಒಂದು ಹನಿ ಬಿಟ್ಟಿರಲಿಲ್ಲ. ಮೈಭಾರ ಹಾಕಿ ತಿರುವಿದಾಗ ಕರಕರ ಎಂದು ಬಿಚ್ಚಿ ಕೈಗೆ ಬಂತು.

ಬುಡದ ತಿರುಪಿಗೆ ಟೇಪು ಇರಲಿಲ್ಲ. ಬಟ್ಟೆಯ ಪಟ್ಟಿ ಸುತ್ತಿತ್ತು.

ನಿಧಾನವಾಗಿ ಬಿಚ್ಚಿದಳು. ಹೊರಗಿನ ಸುತ್ತುಗಳು ತುಕ್ಕು ಬಣ್ಣ. ಒಳಗಿನ ಸುತ್ತು ಇನ್ನೂ ಬೆಳ್ಳಗಿತ್ತು. ತುದಿಯಲ್ಲಿ ಕೆಂಪು ದಾರ... ಅರ್ಧ ಗೋಪುರ!

ಪದ್ಮಶ್ರೀ ಒದ್ದೆ ನೆಲದ ಮೇಲೆಯೇ ಕುಳಿತುಬಿಟ್ಟಳು.

ನಳದ ಬುಡದ ಅಂಚು ಒಂದು ಕಡೆ ಚಕ್ಕೆ ಎದ್ದು ಬ್ಲೇಡಿನಂತಿತ್ತು. ಆ ಒದ್ದೆ ಅಂಗಿ. ಹೊರಗೆ ಬಾರದ ಆ ಬಲಗೈ. ಹಿರಿಯರ ಮುಂದೆ ಎಡಗೈಯಿಂದ ತಿನ್ನಲಾಗದವನು, ಕೈ ಮುಗಿಯಲಾಗದವನು...

'ಅಡಗಿ ಕುಂತಿರಲಿಲ್ಲ! ನಮ್ಮ ಮನಿ ನೀರ ಹಿಡದ ನಿಂತಿದ್ದ! ನಾ... ನಾ ಒಂದ ಮಾತ ಕೇಳಿದ್ರ ಆಗ್ತಿತ್ತು...'

ದಿನವೂ ಇದೇ ನಳದ ಕೆಳಗೆ ಮುಖ ತೊಳೆದಿದ್ದಳು. ಅತ್ತಾಗಲೂ ಇದೇ ನಳದ ಸದ್ದಿನಲ್ಲಿ ಅತ್ತಿದ್ದಳು.

ಗಂಗಾದೇವಿ ಬಾಗಿಲಿಗೆ ಬಂದು ಬಟ್ಟೆ ನೋಡಿದಳು, ಮಗಳನ್ನು ನೋಡಿದಳು. ಮಗಳು ಹೇಳಿದ್ದನ್ನೆಲ್ಲ ಕೇಳಿ ಅಂದದ್ದು ಇಷ್ಟೇ. "ಈಗ ಅವಂದು ಲಗ್ನ ಆಗಿದ್ರ?"

"ಆಗಿದ್ರ ತಪ್ಪಾತು ಅಂತ ಹೇಳಿ ಬರ್ತೀನಿ. ಆಮ್ಯಾಲೆ ನೀ ಹೇಳಿದ ಕಡೆ ತಾಳಿ ಕಟ್ಟಿಸ್ಕೋತೀನಿ. ಹೇಳದ ಮಾತ್ರ ಆಗಂಗಿಲ್ಲವ್ವಾ..."

ಹೊಸ ನಳ ಕೂರಿಸಿ, ಡಬ್ಬಿಗೆ ಅವಲಕ್ಕಿ ತುಂಬಿಕೊಂಡು ಖಾನಾಪುರದ ಬಸ್ ಹತ್ತಿದಳು. ಬಸ್ಸಿನ ತುಂಬ ಕನ್ನಡ, ಮರಾಠಿ ಎರಡರಲ್ಲೂ ಸಂಸಾರದ ಜಗಳಗಳು. ಪದ್ಮಶ್ರೀಗೆ ಆ ಜಗಳಗಳ ಮೇಲೂ ಹೊಟ್ಟೆಕಿಚ್ಚಾಯಿತು.

ಕಾರ್ಖಾನೆಯ ಅಂಗಳದಲ್ಲಿ ಕೆಂಪು ಹಂಚುಗಳ ಸಾಲು. ಎಣಿಸುತ್ತಿದ್ದವನು ತಿರುಗಿದ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಅವಳನ್ನು ಕಂಡು ಎಣಿಕೆ ತಪ್ಪಿತು.

"ನೀವು... ಅನಗೋಳ..."

ಅವಳು ಚೀಲದಿಂದ ಹಳೆಯ ನಳ, ಬಟ್ಟೆಯ ಪಟ್ಟಿ ತೆಗೆದು ತೋರಿಸಿದಳು.

ಅನಿಕೇತನ ಮುಖ ಅಂದಿನಂತೆಯೇ ಕೆಂಪಾಯಿತು. "ಸಿಕ್ಕ ಬಿದ್ನಲ್ರಿ ಕಡೀಕೂ!"

"ಅವತ್ತ ಯಾಕ ಹೇಳಲಿಲ್ರಿ?"

"ಹೆಣ್ಣ ನೋಡಾಕ ಬಂದು ನಳಾ ಮುರದೆ ಅಂತ ಹೆಂಗ ಹೇಳೂದ್ರಿ? ಗಟ್ಟಿ ತಿರುವಿದೆ, ಪೂರ್ತಿ ಕೈಗೆ ಬಂತು. ಹೆಂಗೋ ಬಟ್ಟಿ ಸುತ್ತಿ ಕುಂದರಿಸಿದೆ. ರಕ್ತ ನಿಂದರವಲ್ದು. ಶುಭ ಕಾರ್ಯದಾಗ ರಕ್ತ ತೋರಸೂದು ಬ್ಯಾಡಂತ ಕೊಯ್ದ ಕೈ ಜೇಬಿನ್ಯಾಗ ಇಟ್ಟೆ. ಮರುದಿನ ಫೋನ್ ಮಾಡಿ ಎಲ್ಲಾ ಹೇಳಿ ನಗಸೂಣಂತ ಮಾಡಿದ್ದೆ. ಸಂಜಿಗೇ ನಿಮ್ಮ ಫೋನ್ ಬಂತು. ನಳಾ ಮುರಿದಿದ್ದು ಗೊತ್ತಾತು, ಅದಕ್ಕ ಒಲ್ಲೆ ಅಂದ್ರು ಅಂತ ತಿಳ್ಕೊಂಡೆ..."

"ಇಲ್ರಿ!" ಅವಳ ದನಿ ಒಡೆಯಿತು. "ಒಲ್ಲೆ ಅಂತ ಹೇಳ್ಸಿದಾಕಿ ನಾನ. ನೀವ ಒಲ್ಲೆ ಅಂದ್ರಿ ಅಂತ ತಿಳದು, ಸಿಟ್ಟಿನಾಗ... ನಿಮ್ಮ ತಾಟ ನೋಡಿದೆ, ಕೈ ನೋಡಲಿಲ್ಲ."

ದೂರದಲ್ಲಿ ಯಾರೋ ಹಂಚು ಜೋಡಿಸುವ ಟಕ್ ಟಕ್ ಸದ್ದು.

"ಮನ್ಯಾಗ... ಎಲ್ಲಾರೂ ಆರಾಮ?" ಎಂದಳು.

"ಅವ್ವ ಅದಾಳ. ಬ್ಯಾರೆ ಯಾರೂ ಬರಲಿಲ್ಲ. ಆಮ್ಯಾಲೆ ಒಂದೆರಡು ಮನಿಗೆ ಹೋಗಿದ್ದೆ. ಎಲ್ಲೂ ಕೈ ತೊಳಿಯಾಕ ಏಳಲಿಲ್ಲ ನೋಡ್ರಿ!" ನಗಲು ಹೋದ, ನಗು ಅರ್ಧಕ್ಕೇ ನಿಂತಿತು. "ಅಪ್ಪ ಇದ್ದಾಗ ನೀವ ಬಂದಿದ್ರ... ಇರಲಿ ಬಿಡ್ರಿ."

ಇರಲಿ ಬಿಡಿ ಎಂದರೂ ಆ ವರ್ಷಗಳು ಎಲ್ಲಿಗೂ ಹೋಗಲಿಲ್ಲ. ಇಬ್ಬರ ನಡುವೆ ಹಂಚಿನ ಸಾಲಿನಂತೆ ಕುಳಿತೇ ಇದ್ದವು.

ಪದ್ಮಶ್ರೀ ಡಬ್ಬಿಯ ಮುಚ್ಚಳಕ್ಕೆ ಅವಲಕ್ಕಿ ಹಾಕಿ ಮುಂದೆ ಹಿಡಿದಳು. ಅವನು ಬಲಗೈ ಚಾಚಿದ. ಅಂಗೈಗೆ ಅಡ್ಡವಾಗಿ ಬಿಳಿಯ ಗೆರೆಯೊಂದು ಎದ್ದು ಕಾಣುತ್ತಿತ್ತು. ಅವಳು ಕಣ್ಣು ತೆಗೆಯದೆ ಆ ಕೈಯನ್ನೇ ನೋಡಿದಳು. ಅವನು ಕೊನೆಯ ಕಾಳಿನವರೆಗೂ ತಿಂದ.

"ಉಪ್ಪ ಒಂಚೂರು ಕಡಿಮಿ ಐತಿ."

"ಅವತ್ತ ಸರಿ ಇತ್ರಿ." ಕಣ್ಣೊರೆಸಿಕೊಂಡಳು. "ರವಿವಾರ ಹಿಂಡಲಗಾದವರು ಬರಾಕತ್ತಾರ..."

ಅನಿಕೇತ ಖಾಲಿ ಮುಚ್ಚಳವನ್ನು ಅವಳ ಕೈಗಿಟ್ಟ. ಬೆರಳು ಬಿಡಲಿಲ್ಲ.

"ನಾಳೆ ಶನಿವಾರ. ಅವ್ವನ್ನ ಕರ್ಕೊಂಡ ನಾ ಮೊದಲ ಬರ್ಲ್ಯಾ?"

"ಬರ್ರಿ... ಆದ್ರ ನಳಾ ಹೊಸಾದು ಐತಿ. ನಾನ ಕೂಡ್ರಿಸೀನಿ."

"ಅಂದ್ರ?"

"ಗಟ್ಟಿ ತಿರುವಬ್ಯಾಡ್ರಿ," ಎಂದಳು. "ತಿರುವಿ ಮುರದ್ರೂ... ಈ ಸಲ ಒಳಗಿಂದ ಒದರ್ರಿ. ನಾ ಬಾಗಿಲದಾಗ ನಿಂತಿರ್ತೀನಿ."