ರೋಜಾಲ್ ಅಜ್ಜಿಯ ಎಡ ಹಿಮ್ಮಡಿ

ಎಮೊಕೆ ಕುಣಿದು ನಿಂತಾಗ ಬರ್ನಬಾಶ್ ಚಪ್ಪಾಳೆ ತಟ್ಟಲಿಲ್ಲ.

ಬೇಕರಿಯ ಹಿಂದಿನ ಕೋಣೆಯಲ್ಲಿ ಮೈದಾ ಮೂಟೆಗಳನ್ನು ಗೋಡೆಗೆ ಒತ್ತರಿಸಿ ಅವಳು ಜಾಗ ಮಾಡಿಕೊಂಡಿದ್ದಳು. ಕೆನ್ನೆ ಕೆಂಪೇರಿತ್ತು, ಹಣೆಗೆ ಕೂದಲು ಅಂಟಿಕೊಂಡಿತ್ತು, ಏಪ್ರನ್ ಇನ್ನೂ ಬಿಚ್ಚಿರಲಿಲ್ಲ. ನಾಳೆ ಬೆಳಿಗ್ಗೆ ಸೆಗೆದ್ ಊರಿನ ಜನಪದ ನೃತ್ಯ ತಂಡಕ್ಕೆ ಆಯ್ಕೆ. ಅದಕ್ಕೆ ಮೊದಲು ಅವಳು ಕುಣಿದು ತೋರಿಸಿದ್ದು ಇವನೊಬ್ಬನಿಗೇ. ಅದರ ಅರ್ಥ ತಿಳಿಯದಷ್ಟು ಪೆದ್ದನಲ್ಲ ಅವನು.

"ಹೇಗಿತ್ತು?" ಎಂದಳು, ಕಣ್ಣರಳಿಸಿ.

"ಚೆನ್ನಾಗಿತ್ತು."

"ಮುಖ ನೋಡಿದ್ರೆ ಹಲ್ಲು ಕೀಳಿಸ್ಕೊಂಡು ಬಂದವರ ಹಾಗಿದೆ."

"ಇಲ್ಲ ಇಲ್ಲ. ತುಂಬಾ ಚೆನ್ನಾಗಿತ್ತು. ನಾನು ಅಂಗಡಿಗೆ ಹೋಗ್ಬೇಕು."

"ಪೊಗಾಚಾ ಈಗ ತಾನೇ ಒಲೆಯಿಂದ ಇಳಿಸಿದ್ದು. ಒಂದು ತಿಂದು ಹೋಗಿ."

"ಬೇಡ."

ಬೆಣ್ಣೆ ಘಮಘಮಿಸುವ ಬಿಸಿ ಪೊಗಾಚಾ ಬನ್ನನ್ನು ಬರ್ನಬಾಶ್ ಬೇಡ ಎಂದದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಅವಳ ಕಣ್ಣಿನ ನಗು ಆರಿಹೋಯಿತು. "ಹಿಡಿಸ್ಲಿಲ್ಲ ಅಂದ್ರೆ ಹಿಡಿಸ್ಲಿಲ್ಲ ಅಂತ ಹೇಳೋಕೆ ಏನು ಕಷ್ಟ?" ಎಂದಳು. ಅವನು ಏನೋ ಗೊಣಗಿ ಬಾಗಿಲು ದಾಟಿಬಿಟ್ಟ. ಹೊರಗೆ ಬಂದ ಮೇಲೆ ತನ್ನ ಟೋಪಿ ಒಳಗೇ ಉಳಿಯಿತು ಎಂದು ನೆನಪಾಯಿತು. ವಾಪಸು ಹೋಗುವ ಧೈರ್ಯ ಬರಲಿಲ್ಲ.

ಅವಳು ಅವನು ಕೆಲಸ ಮಾಡುವ ರಿಪೇರಿ ಅಂಗಡಿಗೆ ಮೊದಲು ಬಂದದ್ದು ಚಳಿಗಾಲದ ಕೊನೆಯಲ್ಲಿ, ಒಂದು ದೂರು ಹಿಡಿದುಕೊಂಡು. ಹಳೆಯ ಪಾಕೆಟ್ ಕಂಪ್ಯೂಟರ್ ಒಂದನ್ನು ಕೊಂಡಿದ್ದಳು. ಅದರಲ್ಲಿ ವಿಡಿಯೋ ಹಾಕಿದರೆ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ನಿಂತು.

"ಚಿಕ್ಕದು ಮಾಡಿ ಕೊಡ್ತೀನಿ, ಸಲೀಸಾಗಿ ಓಡುತ್ತೆ," ಎಂದಿದ್ದ ಬರ್ನಬಾಶ್.

"ಚಿಕ್ಕದು ಮಾಡಿದ್ರೆ ಕಾಲು ಕಾಣಲ್ಲ."

"ಯಾರ ಕಾಲು?"

"ರೋಜಾಲ್ ಅಜ್ಜೀದು."

ಯಾವುದೋ ಹಳ್ಳಿಯ ಮದುವೆಯಲ್ಲಿ ಬಹಳ ಹಿಂದೆ ತೆಗೆದ ಫಿಲ್ಮು ಅದು. ಅಂಗಳದ ತುಂಬಾ ಜನ, ಬಲ ಮೂಲೆಯಲ್ಲಿ ಕಪ್ಪು ಬೂಟು ತೊಟ್ಟು ಕುಣಿಯುವ ಒಬ್ಬ ಮುದುಕಿ, ಅವಳೇ ರೋಜಾಲ್ ಅಜ್ಜಿ. ಆಯ್ಕೆಗೆ ಕುಣಿಯಬೇಕಾದದ್ದು ಅವಳ ಕುಣಿತವನ್ನೇ. ಚಿತ್ರ ದೊಡ್ಡದಾಗಿ, ಸ್ಪಷ್ಟವಾಗಿ ಇದ್ದರೆ ಮಾತ್ರ ಹಿಗ್ಗಿಸಿ ಆ ಬೂಟು ನೋಡಬಹುದು. ಎಮೊಕೆಯ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಬಿಡುವಂತೂ ಇರಲೇ ಇಲ್ಲ. ಹಿಟ್ಟು ಉಬ್ಬುವ ಹೊತ್ತಿನಲ್ಲಿ ಸಕ್ಕರೆ ಡಬ್ಬಕ್ಕೆ ಆ ಪುಟ್ಟ ಯಂತ್ರವನ್ನು ಒರಗಿಸಿ, ನೋಡಿ ನೋಡಿ ಕಲಿಯಬೇಕು.

ಅಂಥ ಭಾರದ ವಿಡಿಯೋವನ್ನು ಅಂಗೈಯಗಲದ ಯಂತ್ರದಲ್ಲಿ ಓಡಿಸುವುದೇ ಬರ್ನಬಾಶ್‌ನ ಹುಚ್ಚು. ರಿಪೇರಿ ಹೊಟ್ಟೆಪಾಡಿಗೆ, ವಿಡಿಯೋ ಓಡಿಸುವ ಪ್ಲೇಯರ್ ಪ್ರೋಗ್ರಾಮು ಬರೆಯುವುದು ಪ್ರೀತಿಗೆ. ಇವಳಿಗಾಗಿ ಅದನ್ನು ತಿದ್ದಿದ, ಮತ್ತೆ ತಿದ್ದಿದ. ಪ್ರತಿ ಸಲವೂ ಅವಳು ಬಂದು "ಇನ್ನೂ ತಡವರಿಸ್ತಿದೆ" ಎನ್ನುತ್ತಿದ್ದಳು, ಕಾಗದದ ಚೀಲದಲ್ಲಿ ಏನಾದರೂ ಬಿಸಿಯಾದದ್ದನ್ನು ತಂದು ಕೌಂಟರಿನ ಮೇಲಿಡುತ್ತಿದ್ದಳು. ಕೊನೆಗೊಂದು ದಿನ ರೋಜಾಲ್ ಅಜ್ಜಿ ನೀರಿನಂತೆ ಕುಣಿದಳು. ಎಮೊಕೆ ಸಂತೋಷಕ್ಕೆ ಅವನ ತೋಳು ಹಿಡಿದುಕೊಂಡಳು, ಬಿಡುವುದನ್ನು ಸ್ವಲ್ಪ ತಡ ಮಾಡಿದಳು. ಅವತ್ತಿನಿಂದ ಈ ಹುಡುಗನಿಗೆ ಊಟ ರುಚಿಸಿದ್ದು ಕಡಿಮೆ.

ಈಗ ಎಮೊಕೆಯ ಕುಣಿತದಲ್ಲಿ ಏನೋ ಒಂದು ಹೆಜ್ಜೆ ಕಡಿಮೆ ಎನಿಸಿ, ಅದೇ ನೀರಿನಂಥ ಓಟದಲ್ಲಿ ಮೋಸವಿತ್ತು ಎಂದು ಅವನಿಗೆ ಅನುಮಾನ ಹುಟ್ಟಿತ್ತು.

ಅಂಗಡಿಗೆ ಬಂದವನೇ ಫಿಲ್ಮನ್ನು ದೊಡ್ಡ ಕಂಪ್ಯೂಟರಿನಲ್ಲಿ ಹಾಕಿದ. ಗಿರಕಿ ಹೊಡೆಯುವ ಮೊದಲು ರೋಜಾಲ್ ಅಜ್ಜಿ ಬಲ ಹಿಮ್ಮಡಿ ಕುಟ್ಟುತ್ತಾಳೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಡ ಹಿಮ್ಮಡಿಯನ್ನೂ ಮೆಲ್ಲಗೆ ಕುಟ್ಟುತ್ತಾಳೆ. ಎಮೊಕೆ ಆ ಎಡ ಹಿಮ್ಮಡಿ ಕುಟ್ಟಿರಲಿಲ್ಲ.

ತನ್ನ ಬಳಿಯಿದ್ದ ಅಂಥದೇ ಪಾಕೆಟ್ ಕಂಪ್ಯೂಟರಿನಲ್ಲಿ ಹಾಕಿ ನೋಡಿದ. ಅಲ್ಲಿ ಅಜ್ಜಿಯೂ ಕುಟ್ಟಲಿಲ್ಲ.

ಕುಣಿತ ಎಲ್ಲಿ ಜೋರಾಗುತ್ತದೋ ಅಲ್ಲಿ ಯಂತ್ರಕ್ಕೆ ಕೆಲಸ ಹೆಚ್ಚು. ಏದುಸಿರು ಬಂದಾಗ ಒಂದೆರಡು ಫ್ರೇಮುಗಳನ್ನು, ಅಂದರೆ ಬಿಡಿ ಚಿತ್ರಗಳನ್ನು, ಸದ್ದಿಲ್ಲದೆ ನುಂಗಿ ಮುಂದೆ ಹೋಗು ಎಂದು ಅವನೇ ಬರೆದಿದ್ದ. ಸಿನಿಮಾ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಪ್ಲೇಯರ್ ಬರೆಯುವವರಲ್ಲಿ ಅದೇ ದೊಡ್ಡ ಜಾಣತನ. ಹಳೆಯ ಫಿಲ್ಮಿನ ಗೊರಗೊರ ಸದ್ದಿನಲ್ಲಿ ಹಿಮ್ಮಡಿಯ ಶಬ್ದ ಹೇಗೂ ಕೇಳುತ್ತಿರಲಿಲ್ಲ. ನೋಡಿ ಕಲಿತವಳಿಗೆ ಒಂದು ಹೆಜ್ಜೆಯೇ ಕಾಣೆಯಾಗಿತ್ತು.

"ಹೇಳ್ಬೇಡ," ಎಂದರು ಆಲ್ಬಿನ್ ಮಾಮ. ಅಂಗಡಿ ಅವರದು. "ನಾಳೆ ಕುಣಿಯೋ ಹುಡುಗಿಗೆ ಇವತ್ತು ಹೆಜ್ಜೆ ತಪ್ಪು ಅಂತ ಯಾರಾದ್ರೂ ಹೇಳ್ತಾರೇನೋ ಕೋತಿ? ಕಾಲು ನಡುಗಿ ಬಿದ್ದೇಬಿಡ್ತಾಳೆ."

"ಆಯ್ಕೆ ಮಾಡೋ ಶಾರೋಲ್ತಾ ಮೇಡಂ ಆ ಫಿಲ್ಮನ್ನ ಅರೆದು ಕುಡಿದಿದಾರಂತೆ ಮಾಮ."

"ಕುಡಿದ್ರೆ ಕುಡೀಲಿ. ಒಂದು ಹಿಮ್ಮಡಿ ಯಾರು ನೋಡ್ತಾರೆ?"

"ಎಮೊಕೆ ನೋಡ್ತಾಳೆ. ಇವತ್ತಲ್ಲ ನಾಳೆ."

"ಆಮೇಲೆ ನಿನ್ನ ಮುಖ ನೋಡಲ್ಲ, ಅಷ್ಟೇ ತಾನೆ ನಿನ್ನ ಭಯ?"

ಅಷ್ಟೇ ಭಯ. ಆದರೆ ಅದು ಚಿಕ್ಕದಾಗಿರಲಿಲ್ಲ. ಅವಳಿಗೆ ಫೋನ್ ಮಾಡಿದ. ರಿಂಗಾಗಿ ಕಟ್ಟಾಯಿತು. ಮತ್ತೆ ಮಾಡಿದ, ಸ್ವಿಚ್ ಆಫ್. ಬೇಕರಿಗೆ ಓಡಿದ, ಬೀಗ ಹಾಕಿತ್ತು. ಅವಳ ಮನೆ ಎಲ್ಲಿ ಎಂದು ಇಷ್ಟು ದಿನ ಕೇಳಿಯೂ ಇರಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ.

ಮರುದಿನ, ಶನಿವಾರ ಬೆಳಿಗ್ಗೆ ಸಂಸ್ಕೃತಿ ಭವನದ ಕಾರಿಡಾರಿನ ತುಂಬಾ ಅಗಲ ಲಂಗಗಳು, ಮಿರುಗುವ ಬೂಟುಗಳು. ಎಮೊಕೆ ಕಿಟಕಿಯ ಪಕ್ಕ ನಿಂತು ಜಡೆ ಬಿಗಿದುಕೊಳ್ಳುತ್ತಿದ್ದಳು. ಇವನನ್ನು ಕಂಡು ಕೈಚೀಲದಿಂದ ಟೋಪಿ ತೆಗೆದು ಚಾಚಿದಳು.

"ತಗೊಳ್ಳಿ. ಇದಕ್ಕೇ ಬಂದಿದ್ದು ತಾನೆ?"

"ಅಲ್ಲ. ಎಮೊಕೆ, ನಿಮ್ಮ ಹೆಜ್ಜೆ ಒಂದು ತಪ್ಪು. ತಪ್ಪು ನಿಮ್ಮದಲ್ಲ, ನಂದು."

ಹೇಳಿಬಿಟ್ಟ. ನುಂಗಿದ ಫ್ರೇಮು, ಕಾಣೆಯಾದ ಎಡ ಹಿಮ್ಮಡಿ, ಎಲ್ಲ. ಹೇಳುವಾಗ ಅವಳ ಮುಖ ನೋಡುವ ಧೈರ್ಯವಿಲ್ಲದೆ ಅವಳ ಬೂಟನ್ನೇ ನೋಡುತ್ತಿದ್ದ.

ಚಾಚಿದ್ದ ಟೋಪಿಯನ್ನು ಅವಳು ಅವನ ಎದೆಗೆ ತಳ್ಳಿದಳು. ಮಾತಾಡಿದಾಗ ಬಹುವಚನ ಹೋಗಿತ್ತು.

"ನೀನು ಮನುಷ್ಯನೇನೋ? ನಿನ್ನೆ ಯಾಕೆ ಹೇಳ್ಲಿಲ್ಲ?"

"ನಿನ್ನೆ ಅನುಮಾನ ಇತ್ತು, ಖಾತ್ರಿ ಇರ್ಲಿಲ್ಲ. ಆಮೇಲೆ ಫೋನ್ ಮಾಡಿದೆ..."

"ನಾನು ಅಳ್ತಾ ಕೂತಿದ್ದೆ, ಕತ್ತೆ! ನಿಂಗೆ ನನ್ನ ಕುಣಿತ ಹಿಡಿಸ್ಲಿಲ್ಲ ಅಂತ!"

ಪಕ್ಕದ ಹುಡುಗಿಯರು ತಿರುಗಿ ನೋಡಿದರು. ಬರ್ನಬಾಶ್‌ನ ಕಿವಿ ಬಿಸಿಯಾಯಿತು. ಕಿಸೆಯಿಂದ ತನ್ನ ಪಾಕೆಟ್ ಕಂಪ್ಯೂಟರ್ ತೆಗೆದು ಅವಳ ಕೈಗಿಟ್ಟ. "ಒಂದು ಫ್ರೇಮೂ ಬಿಡದ ಹಾಗೆ ಮಾಡಿದೀನಿ. ನಿಧಾನ ಓಡುತ್ತೆ, ಆದ್ರೆ ಸುಳ್ಳು ಹೇಳಲ್ಲ."

ಅವಳು ನೋಡಿದಳು. ಅಜ್ಜಿಯ ಬೂಟು ಜೇನಿನಲ್ಲಿ ಅದ್ದಿದ ಹಾಗೆ ಏಳುತ್ತಿತ್ತು. ಬಲ ಹಿಮ್ಮಡಿ. ಆಮೇಲೆ ಎಡ, ಮೆಲ್ಲಗೆ.

"ಇಷ್ಟು ನಿಧಾನ ನೋಡಿ ಲಯ ಹೇಗೆ ಹಿಡೀಲಿ? ಇದು ಎಷ್ಟು ಬೇಗ ಬೀಳುತ್ತೆ?"

ಹೇಳಿ ತಿಳಿಸುವಂಥದ್ದಲ್ಲ ಅದು. ದೊಡ್ಡ ಕಂಪ್ಯೂಟರಿನಲ್ಲಿ ಅವನು ಅದನ್ನು ಎಷ್ಟು ಸಲ ನೋಡಿದ್ದನೋ ಲೆಕ್ಕವಿಲ್ಲ. ಹುಟ್ಟಿದಾಗಿನಿಂದ ಒಂದು ದಿನ ಕುಣಿದವನಲ್ಲ, ಅಣ್ಣನ ಮದುವೆಯಲ್ಲೂ ಗೋಡೆಗೆ ಅಂಟಿ ನಿಂತವನು. ಅಂಥವನು ಈಗ ಟೋಪಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕಾರಿಡಾರಿನ ನಡುವೆ ನಿಂತ, ಬಲ ಕಾಲೆತ್ತಿದ.

ಟಕ್, ಟಕ. ಗಿರಕಿ. ಗಿರಕಿಯಲ್ಲಿ ಗೋಡೆಗೆ ಡಿಕ್ಕಿ ಹೊಡೆದ.

ಕಾರಿಡಾರ್ ನಕ್ಕಿತು. ಎಮೊಕೆ ನಗಲಿಲ್ಲ. ಅವನ ಕಾಲನ್ನೇ ನೋಡುತ್ತಿದ್ದಳು.

"ಇನ್ನೊಂದ್ಸಲ."

ಟಕ್, ಟಕ.

"ಕೈ ಕೊಡು. ಭಾರ ಯಾವ ಕಾಲಿಗೆ ಹೋಗುತ್ತೆ ನೋಡ್ಬೇಕು."

ಅವಳು ಅವನ ಎರಡೂ ಕೈ ಹಿಡಿದಳು. ಅವಳ ಅಂಗೈ ತಣ್ಣಗಿತ್ತು, ಬೆವರಿತ್ತು. ಇಬ್ಬರೂ ಒಟ್ಟಿಗೆ ಕುಟ್ಟಿದರು. ಒಮ್ಮೆ ಅವಳ ಬೂಟು ಅವನ ಬೆರಳ ಮೇಲೆ ಬಿತ್ತು. ಅವನು ಹಾ ಎಂದ.

"ಸುಮ್ನಿರು, ನಿಂಗೆ ಅದು ಬೇಕಿತ್ತು," ಎಂದಳು. ಆದರೂ ಕೈ ಬಿಡಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆದು ಯಾರೋ ಅವಳ ಹೆಸರು ಕೂಗಿದರು.

ಬಾಗಿಲು ಮುಚ್ಚಿದ ಮೇಲೆ ಬರ್ನಬಾಶ್ ಅದಕ್ಕೆ ಕಿವಿಗೊಟ್ಟು ನಿಂತ. ಮಾಮ ಹೇಳಿದ್ದೇ ನಿಜವೇನೋ, ಬಾಯಿ ಮುಚ್ಚಿಕೊಂಡಿರಬೇಕಿತ್ತೇನೋ ಎಂದುಕೊಂಡ. ಪಿಟೀಲು ಶುರುವಾಯಿತು. ಬೂಟಿನ ಸದ್ದು ಹಗುರವಾಗಿ, ಸರಾಗವಾಗಿ ಬರುತ್ತಿತ್ತು. ಆ ಜಾಗ ಹತ್ತಿರವಾಯಿತು. ಟಕ್. ಆಮೇಲೆ ಏನೂ ಇಲ್ಲ. ಕಾಲು ಜಾರಿದ ಸದ್ದು, ಪಿಟೀಲು ಒಬ್ಬಂಟಿಯಾಗಿ ಸ್ವಲ್ಪ ದೂರ ಹೋಯಿತು. ಅವನು ಕಣ್ಣು ಮುಚ್ಚಿಕೊಂಡ. ಬೂಟುಗಳು ಮತ್ತೆ ಲಯಕ್ಕೆ ಸೇರಿದವು, ಸುತ್ತು ತಿರುಗಿ ಅದೇ ಜಾಗಕ್ಕೆ ಬಂದವು. ಟಕ್, ಟಕ. ಗಿರಕಿ. ಸರಿಯಾಗಿತ್ತು.

ಅವಳು ಹೊರಗೆ ಬಂದಾಗ ಮುಖ ನೋಡಿಯೇ ಗೊತ್ತಾಯಿತು.

"ತಗೊಳ್ಲಿಲ್ಲ," ಎಂದಳು. "ಮೊದಲ್ನೇ ಸುತ್ತಲ್ಲಿ ಮುಗ್ಗರಿಸಿದೆ. ಮುಗ್ಗರಿಸಿದವರನ್ನ ಈ ಸಲ ತಗೊಳ್ಳಲ್ವಂತೆ. ಶರತ್ಕಾಲದಲ್ಲಿ ಮತ್ತೆ ಬಾ ಅಂದ್ರು ಶಾರೋಲ್ತಾ ಮೇಡಂ."

"ನಾನು ಹೇಳದೇ ಇದ್ದಿದ್ರೆ..."

"ಹೇಳದೇ ಇದ್ದಿದ್ರೆ ಮುಗ್ಗರಿಸ್ತಿರ್ಲಿಲ್ಲ. ಬಹುಶಃ ತಗೊಳ್ತಿದ್ರು. ಎರಡ್ನೇ ಸುತ್ತು ನೋಡಿ ಅವರು ಏನಂದ್ರು ಗೊತ್ತಾ? ಇವತ್ತು ಈ ಹೆಜ್ಜೆ ಹಾಕಿದವರು ಇವಳೊಬ್ಬಳೇ ಅಂದ್ರು."

ಅವನಿಗೆ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. "ನನ್ನನ್ನ ಬೈದುಬಿಡು," ಎಂದ.

"ಆಯ್ಕೆಯಾಗಿ, ಆಮೇಲೆ ಒಂದು ದಿನ ಗೊತ್ತಾಗಿದ್ರೆ?" ಎಂದಳು ಅವಳು. "ನಿಂಗೆ ಗೊತ್ತಿತ್ತು, ಆದ್ರೂ ಬಾಯಿ ಬಿಡ್ಲಿಲ್ಲ ಅಂತ ಗೊತ್ತಾಗಿದ್ರೆ? ಅವತ್ತಿಂದ ನೀನು ಚೆನ್ನಾಗಿತ್ತು ಅಂದಾಗೆಲ್ಲ ನಾನು ನಂಬ್ತಿರ್ಲಿಲ್ಲ. ನಂಗೆ ನಂಬೋಕೆ ಒಬ್ಬ ಬೇಕು ಬರ್ನಬಾಶ್."

"ನಾನು ನಿನ್ನ ಪ್ರೀತಿಸ್ತೀನಿ," ಎಂದ ಅವನು. ಇಷ್ಟು ದಿನ ಹೇಗೆ ಹೇಳುವುದು ಎಂದು ನೂರು ಥರ ಯೋಚಿಸಿಟ್ಟಿದ್ದ. ಅದರಲ್ಲಿ ಒಂದೂ ಹೀಗಿರಲಿಲ್ಲ. "ಕಳ್ಕೊಂಡ್ಬಿಡ್ತೀನಿ ಅಂತ ಭಯ ಆಗಿತ್ತು. ಈಗ್ಲೂ ಆಗ್ತಿದೆ."

"ನಾನೂ ಪ್ರೀತಿಸ್ತೀನಿ," ಎಂದಳು ಎಮೊಕೆ. "ಅದಕ್ಕೇ ನಿನ್ನೆ ನಿನ್ನೊಬ್ಬನಿಗೇ ಕುಣಿದು ತೋರಿಸಿದ್ದು, ಪೆದ್ದ."

ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಉಕ್ಕಿ ಬಂತು. ಎಲ್ಲರೂ ನೋಡುತ್ತಿರುವಾಗಲೇ ಅವಳು ಅವನ ಭುಜಕ್ಕೆ ಹಣೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲಿ ಏನು ಕೆಟ್ಟರೂ ಕೂಡಲೇ ಸ್ಕ್ರೂ ಬಿಚ್ಚಿ ಕೂರುವ ಬರ್ನಬಾಶ್ ಈ ಸಲ ಏನನ್ನೂ ಸರಿಮಾಡಲು ಹೋಗಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟು, ಅವಳ ಅಳು ಮುಗಿಯುವವರೆಗೂ ಸುಮ್ಮನೆ ನಿಂತ.