ಮೂರು ಅಲಗಿನ ಮೊನೆ

೨೦೧೬ರ ಅಕ್ಟೋಬರ್ ೧೮, ಮಂಗಳವಾರ. ಬೆಳಿಗ್ಗೆ ೭.೩೫ಕ್ಕೆ ಸಿಂಗಾಪುರದ ಚೋವಾ ಚು ಕಾಂಗ್ ಕಡೆಯ ಠಾಣೆಗೆ ಫೋನ್ ಬಂತು. ವಾಕಿಂಗ್ ಹೊರಟಿದ್ದ ನಿವೃತ್ತ ಮೇಷ್ಟ್ರೊಬ್ಬರ ದೂರು. ವಸತಿ ಬ್ಲಾಕ್‌ಗಳ ಹಿಂದಿನ ಕುರುಚಲು ಕಾಡಿನಲ್ಲಿ ಕಾಡುಹಂದಿಯೊಂದು ಸತ್ತು ಬಿದ್ದಿದೆ, ಮೈಯಲ್ಲಿ ಬಾಣ ನೆಟ್ಟಿದೆ, ಮಕ್ಕಳು ಶಾಲೆಯ ಬಸ್ಸಿಗೆ ಕಾಯುವ ಜಾಗ ಅಲ್ಲಿಂದ ನಲವತ್ತು ಮೀಟರ್ ಕೂಡ ಇಲ್ಲ. ಸಾರ್ಜೆಂಟ್ ಫೈಜಲ್ ಎಫ್‌ಐಆರ್ ದಾಖಲಿಸಿಕೊಂಡ.

೮.೧೦ಕ್ಕೆ ಇನ್ಸ್‌ಪೆಕ್ಟರ್ ರಜನಿ ಸ್ಥಳಕ್ಕೆ ಬಂದಳು. ಹುಟ್ಟಿ ಬೆಳೆದದ್ದೆಲ್ಲ ಸಿಂಗಾಪುರದಲ್ಲೇ ಆದರೂ ದಾವಣಗೆರೆಯ ಅಜ್ಜಿಯ ಕೈಯಲ್ಲಿ ಬೆಳೆದವಳು. ಅವಳ ಕನ್ನಡವೆಲ್ಲ ಅಜ್ಜಿಯ ಅಡುಗೆಮನೆಯದು.

ಪಂಚನಾಮೆಯಲ್ಲಿ ಹೀಗಿದೆ: ಬೆಳೆದ ಹೆಣ್ಣು ಹಂದಿ. ಮುಂದಿನ ಬಲಗಾಲು ತಂತಿಯ ಉರುಳಿನಲ್ಲಿ ಸಿಕ್ಕಿ ಮೂಳೆಯವರೆಗೆ ಕತ್ತರಿಸಿಹೋಗಿದೆ. ಸುತ್ತಲಿನ ಮಣ್ಣು ಗುಂಡಗೆ ಕೆದರಿಹೋಗಿದೆ. ಭುಜದ ಹಿಂದೆ ಒಂದೇ ಬಾಣ. ಬಾಣ ಹೊರತೆಗೆದ ಪಶುವೈದ್ಯರು ಅದರ ಮೊನೆಯನ್ನು ಬಿಳಿ ಬಟ್ಟೆಯ ಮೇಲೆ ಇಟ್ಟರು. ಮೂರು ಅಲಗು, ಒಂದೊಂದೂ ಕ್ಷೌರದ ಬ್ಲೇಡಿನಷ್ಟು ಹರಿತ. ಗುರಿ ಹಲಗೆಗೆ ಹೊಡೆಯುವ ಮೊಂಡು ಮೊನೆಯಲ್ಲ. ಬೇಟೆಯದು. ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ.

"ಹುಡುಗರ ಕೆಲಸ ಮೇಡಮ್," ಎಂದ ಫೈಜಲ್. "ಮಾಂಸಕ್ಕೆ."

"ಮಾಂಸಕ್ಕಾದ್ರೆ ಬಿಟ್ಟು ಯಾಕೆ ಹೋದ್ರು?"

ಬಾಣದ ಹಿಂತುದಿಯಲ್ಲಿ ಬೂದು ಬಣ್ಣದ ಪುಡಿ ಮೆತ್ತಿತ್ತು. ಫೈಜಲ್ ಅದನ್ನು ಮಾದಕ ವಸ್ತು ಎಂದುಕೊಂಡು ಬೇರೆ ಲಕೋಟೆ ತೆಗೆದ. ರಜನಿ ಬಗ್ಗಿ ಮೂಸಿದಳು. ಅಜ್ಜಿಯ ಹಣೆಯ ವಾಸನೆ.

"ವಿಭೂತಿ," ಎಂದಳು. "ಲಕೋಟೆ ಮೇಲೆ ಹಾಗೇ ಬರಿ. ಲ್ಯಾಬ್‌ನವರು ತಲೆ ಕೆಡಿಸ್ಕೊಳ್ಳಲಿ."

೧೧.೨೦ಕ್ಕೆ ಅವರು ಆ ಭಾಗದ ಬಿಲ್ಲುಗಾರಿಕೆ ಕ್ಲಬ್ಬಿಗೆ ಹೋದರು. ಕೋಚ್ ಲಿಮ್ ಬಾಣದ ಫೋಟೋ, ಅಳತೆ ಎರಡನ್ನೂ ನೋಡಿ ನಕ್ಕ.

"ಗಂಡಸನ್ನ ಹುಡುಕ್ತಿದ್ದೀರಾ? ಇಪ್ಪತ್ತಾರು ಇಂಚು! ನಾನು ಇದನ್ನ ಎಳೆದ್ರೆ ನನ್ನ ಕೈಗೇ ಚುಚ್ಕೋತೀನಿ ಲಾ. ಚಿಕ್ಕ ತೋಳಿನವರು. ಹೆಂಗಸು, ಇಲ್ಲಾ ಮಕ್ಕಳು."

"ಬೆರಳು ಬೆವರದ ಹಾಗೆ ನಿಮ್ಮಲ್ಲಿ ಪೌಡರ್ ಹಚ್ಕೋತಾರಾ?"

"ಎಲ್ರೂ." ಲಿಮ್‌ನ ನಗು ಅಲ್ಲಿಗೆ ನಿಂತಿತು. "ಒಬ್ರು ಮಾತ್ರ ದೇವರ ಬೂದಿ ತರ್ತಾರೆ. ನೆಲವೆಲ್ಲ ಬಿಳಿ ಮಾಡ್ತೀರಿ ಅಂತ ದಿನಾ ರೇಗಿಸ್ತೀನಿ." ಫೋಟೋ ವಾಪಸ್ ಕೊಟ್ಟು, "ನನ್ನ ಹತ್ರ ಕಲಿತವರಲ್ಲಿ ಅವರಷ್ಟು ಚೆನ್ನಾಗಿ ಹೊಡೆಯೋರು ಇಲ್ಲ, ಇನ್ಸ್‌ಪೆಕ್ಟರ್," ಎಂದ. ಹೆಸರು ಹೇಳಿದ: ಶೈಲಶ್ರೀ.

ಸಂಜೆ ೫.೨೦ಕ್ಕೆ ಒಂಬತ್ತನೇ ಮಹಡಿಯ ಫ್ಲ್ಯಾಟಿನ ಬಾಗಿಲು ತೆರೆದವಳು ನಲವತ್ತರ ಆಸುಪಾಸಿನ ಗಿಡ್ಡ ಹೆಂಗಸು. ಹಣೆಯಲ್ಲಿ ವಿಭೂತಿ. ರಜನಿಯ ಗುರುತಿನ ಚೀಟಿ ನೋಡಿದಳು, ಗಾಬರಿಯಾಗಲಿಲ್ಲ.

"ಬನ್ನಿ. ಬಿಲ್ಲು ಮಂಚದ ಕೆಳಗಿದೆ."

ಬ್ಯಾಡ್ಮಿಂಟನ್ ಚೀಲದಲ್ಲಿ ಬಿಚ್ಚಿಟ್ಟ ಬಿಲ್ಲು ಸಿಕ್ಕಿತು. ಚಹಾಪುಡಿಯ ಡಬ್ಬಿಯಲ್ಲಿ ಇನ್ನೆರಡು ಮೂರಲಗಿನ ಮೊನೆಗಳು. ಬಾಲ್ಕನಿಯ ಬಕೆಟ್ಟಿನಲ್ಲಿ ತುಕ್ಕು ಹಿಡಿದ ತಂತಿಯ ಏಳು ಉರುಳುಗಳು.

"ಇವು?"

"ಕಾಡಿನಲ್ಲಿ ಕಿತ್ತದ್ದು. ಯಾರು ಹಾಕ್ತಾರೋ ಗೊತ್ತಿಲ್ಲ. ಎಂಟನೆಯದು ನನ್ನ ಕಣ್ಣಿಗೆ ಬೀಳಲಿಲ್ಲ."

ಉರುಳು ಹಾಕಿದವರ ಮೇಲೆ ಬೇರೆ ಪ್ರಕರಣ ಎಂದು ಫೈಜಲ್ ಬರೆದುಕೊಂಡ. ಊರಿನಿಂದ ಬಂದಿದ್ದ ಅತ್ತೆ ಗುರುಸಿದ್ದವ್ವ ಸೋಫಾದಿಂದ ಎದ್ದು ನಿಂತರು.

"ಹಂದಿ ಹೊಡದಿ ಏನವಾ? ಕೊರಳಾಗ ಲಿಂಗಾ ಕಟ್ಕೊಂಡು?"

"ಹೌದ್ರಿ ಅತ್ತಿ. ಕಟ್ಕೊಂಡೇ ಹೊಡದೆ."

ಸುದ್ದಿ ತಿಳಿದ ಗಂಡ ಚೇತನಕುಮಾರ ಚಾಂಗಿ ಬಿಸಿನೆಸ್ ಪಾರ್ಕಿನ ಆಫೀಸಿನಿಂದ ಟ್ಯಾಕ್ಸಿಯಲ್ಲಿ ಓಡಿ ಬಂದ. ಕೊರಳಿನ ಐಡಿ ಕಾರ್ಡು ಇನ್ನೂ ತೆಗೆದಿರಲಿಲ್ಲ.

"ಮೇಡಮ್, ಏನೋ ಮಿಸ್ಟೇಕ್ ಆಗಿದೆ. ಆನ್‌ಲೈನ್ ಆರ್ಡರ್‌ನಲ್ಲಿ ರಾಂಗ್ ಐಟಂ ಬಂದಿರತ್ತೆ. ಅವಳಿಗೇನು ಗೊತ್ತು ಇದೆಲ್ಲ? ಹೌಸ್‌ವೈಫ್, ಟೈಮ್‌ಪಾಸ್‌ಗೆ ಕ್ಲಾಸ್ ಸೇರಿದ್ಲು." ಹೆಂಡತಿಯತ್ತ ತಿರುಗಿ ದನಿ ತಗ್ಗಿಸಿದ. "ಶೈಲಾ, ಗೊತ್ತಿರ್ಲಿಲ್ಲ ಅಂತ ಹೇಳಿಬಿಡು, ಪ್ಲೀಸ್. ಇಲ್ಲಿರೋಕೆ ಪಿಆರ್ ರಿನ್ಯೂವಲ್ ಪೆಂಡಿಂಗ್ ಇದೆ. ಕೇಸ್ ಆದ್ರೆ ಎಲ್ಲ ಪ್ಯಾಕ್ ಮಾಡ್ಕೊಂಡು ಹೊರಡ್ಬೇಕು."

ಶೈಲಶ್ರೀ ಚಪ್ಪಲಿ ಮೆಟ್ಟಿಕೊಂಡಳು. "ಕುಕ್ಕರಿನಲ್ಲಿ ಅನ್ನ ಇದೆ," ಎಂದಳು.

೭.೧೦ಕ್ಕೆ ಠಾಣೆಯಲ್ಲಿ ಹೇಳಿಕೆ ದಾಖಲು ಶುರುವಾಯಿತು. ರಜನಿ ಮೊನೆಗಳು ಬಂದಿದ್ದ ಪ್ಯಾಕೆಟ್ಟನ್ನು ಮುಂದಿಟ್ಟಳು.

"ಇದರ ಮೇಲೆ ಕ್ರೀಡಾ ಸಾಮಗ್ರಿ ಅಂತಷ್ಟೇ ಇದೆ. ಪರವಾನಗಿ ಬೇಕು ಅಂತ ನಿಮಗೆ ಗೊತ್ತಿತ್ತಾ? ನಿಧಾನಕ್ಕೆ ಯೋಚನೆ ಮಾಡಿ ಹೇಳಿ."

ಗೊತ್ತಿರಲಿಲ್ಲ ಎಂದರೆ ಎಚ್ಚರಿಕೆ ಕೊಟ್ಟು ಕಳಿಸಲು ದಾರಿಯಿತ್ತು. ಗೊತ್ತಿತ್ತು ಎಂದರೆ ಕೋರ್ಟು. ಇಬ್ಬರಿಗೂ ಅದು ತಿಳಿದಿತ್ತು.

"ಗೊತ್ತಿತ್ತು," ಎಂದಳು ಶೈಲಶ್ರೀ. "ಕಾಯ್ದೆಯನ್ನ ಎರಡು ಸಲ ಓದಿದ್ದೆ."

"ಮತ್ತೆ ಯಾಕೆ ತರಿಸಿದಿರಿ?"

"ಆಗಸ್ಟ್‌ನಲ್ಲಿ ಇನ್ನೊಂದು ಹಂದಿ ಸಿಕ್ಕಿಹಾಕ್ಕೊಂಡಿತ್ತು. ಎರಡು ದಿನ ಕಿರುಚ್ತು. ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. ಬಂದವರಿಗೆ ಜಾಗ ಸಿಗಲಿಲ್ಲ. ನಾನು ತೋರಿಸ್ತೀನಿ ಅಂದ್ರೆ ನೀವು ಮನೆಗೆ ಹೋಗಿ ಆಂಟಿ ಅಂದ್ರು. ಮನೆಯಲ್ಲಿ, ನಿನಗ್ಯಾಕೆ ಊರ ಉಸಾಬರಿ ಅಂದ್ರು. ಮೂರನೇ ಬೆಳಿಗ್ಗೆ ಅದು ಸತ್ತಿತ್ತು. ಕಾಲನ್ನ ತಾನೇ ಕಡಿದುಕೊಂಡಿತ್ತು ಮೇಡಮ್."

ರಜನಿ ಬರೆಯುವುದನ್ನು ನಿಲ್ಲಿಸಲಿಲ್ಲ. "ಕ್ಲಬ್ಬಿನ ಬಾಣವೇ ಇತ್ತಲ್ಲ ನಿಮ್ಮ ಹತ್ರ?"

"ಮೊಂಡು ಮೊನೆ. ಅದಕ್ಕೆ ಯಾರೂ ಅಡ್ಡಿ ಮಾಡಲ್ಲ. ಅದರಲ್ಲಿ ಹೊಡೆದಿದ್ರೆ ಸಣ್ಣ ತೂತು ಬಿದ್ದು ಮಧ್ಯಾಹ್ನದ ತನಕ ನರಳೋದು. ಮೂರಲಗಿನದ್ದಾದ್ರೆ ಹತ್ತು ಸೆಕೆಂಡು. ನಿಮ್ಮ ಕಾಯ್ದೆ ನರಳಿಸೋ ಮೊನೆಗೆ ಹೂಂ ಅನ್ನತ್ತೆ."

"ಕಾಯ್ದೆ ಇರೋದು ಹಂದಿಗಲ್ಲ. ನಲವತ್ತು ಮೀಟರ್ ಆಚೆ ಮಕ್ಕಳು ನಿಲ್ತಾರೆ."

"ನಾನು ಹೊಡೆದದ್ದು ದಿಬ್ಬದ ಕಡೆಗೆ. ಆರೂ ಐವತ್ತು. ಹಿಂದೆ ಮುಂದೆ ಯಾರೂ ಇರಲಿಲ್ಲ, ನೋಡ್ಕೊಂಡೆ."

"ನೀವು ನೋಡ್ಕೊಂಡ್ರೆ ಸಾಕಾಗಲ್ಲ ಶೈಲಶ್ರೀ. ನಾಳೆ ಇನ್ಯಾರೋ ನಾನೂ ನೋಡ್ಕೊಂಡೆ ಅಂತಾರೆ."

"ಒಪ್ತೀನಿ. ಅದಕ್ಕೇ ಬಂದು ಕೂತಿದ್ದೀನಿ. ಶಿಕ್ಷೆ ಬೇಡ ಅಂತ ಎಲ್ಲಾದ್ರೂ ಅಂದೆನಾ?"

ಫೈಜಲ್ ಬಾಗಿಲಲ್ಲಿ ಇಣುಕಿದ. ಗಂಡ ವಕೀಲರನ್ನು ಕರೆತಂದಿದ್ದಾರೆ. ಪ್ಯಾಕೆಟ್ ಬಂದದ್ದು ತನ್ನ ಹೆಸರಿಗೆ, ಆಕೆಗೆ ಏನೂ ತಿಳಿಯದು ಎಂದು ಬರೆದುಕೊಡಲು ಸಿದ್ಧರಿದ್ದಾರೆ ಎಂದ.

ಶೈಲಶ್ರೀಯ ಮುಖ ಮೊದಲ ಸಲ ಕೆಂಪೇರಿತು. "ಬಾಣದ ಕಡ್ಡಿ ಯಾವ ಅಳತೆಗೆ ಕತ್ತರಿಸಿದ್ದು ಅಂತ ಕೇಳ್ರಿ ಅವರ್ನ. ಮೊಂಡು ಮೊನೆ ನೂರು ಗ್ರೇನ್ ತೂಕ ಇದ್ರೆ ಇದೂ ಅಷ್ಟೇ ಯಾಕಿರಬೇಕು ಅಂತ ಕೇಳ್ರಿ. ಹೇಳಿದ್ರೆ ಬರ್ಕೊಡ್ಲಿ."

ರಾತ್ರಿ ೮.೦೫ಕ್ಕೆ ಬಂಧನ ದಾಖಲಾಯಿತು. ಪರವಾನಗಿಯಿಲ್ಲದ ಆಯುಧ, ಅನುಮತಿಯಿಲ್ಲದೆ ವನ್ಯಪ್ರಾಣಿಯ ಹತ್ಯೆ: ಎರಡು ಆರೋಪ. ಕಾರಣದ ಜಾಗದಲ್ಲಿ ರಜನಿ, "ಪ್ರಾಣಿಯ ನರಳಾಟ ತಪ್ಪಿಸಲು" ಎಂದು ಬರೆದಳು. ಸುಳ್ಳೇನಲ್ಲ. ಆದರೆ ಎದುರಿಗೆ ಕೂತವಳನ್ನು ನೋಡಿದಾಗ ಅಷ್ಟೇ ಅಲ್ಲ ಎಂದೂ ಅನ್ನಿಸಿತು. ಅವಳೇ ಹೇಳಿದ ಹಾಗೆ, ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಹನ್ನೊಂದು ವರ್ಷದ ಹಿಂದೆ ಗಂಡನ ಕೆಲಸದ ವೀಸಾ ಪಾಸಿನ ಮೇಲೆ ಈ ಊರಿಗೆ ಬಂದವಳು. ಬ್ಯಾಂಕಿನ ಅರ್ಜಿಯನ್ನೂ ಆಸ್ಪತ್ರೆಯ ಅರ್ಜಿಯನ್ನೂ ಬೇರೆಯವರೇ ತುಂಬಿ, ಇಲ್ಲಿ ಸಹಿ ಹಾಕು ಎಂದು ಬೆರಳು ತೋರಿಸಿದ್ದರು. ಗೊತ್ತಿದ್ದು, ಲೆಕ್ಕ ಹಾಕಿ, ಒಬ್ಬಳೇ ಮಾಡಿದ ಕೆಲಸ ಇದೊಂದು. ಇದನ್ನೂ ತಿಳಿಯದೆ ಮಾಡಿದ್ದು ಎಂದು ಬರೆಸಿ ಮನೆಗೆ ಹೋಗುವುದಕ್ಕಿಂತ ಸೆಲ್ಲಿಗೆ ಹೋಗುವುದು ಅವಳಿಗೆ ಸುಲಭವಾಗಿತ್ತು.

ಟೈಪಾದ ಹೇಳಿಕೆಯನ್ನು ಅವಳು ಸಾಲು ಸಾಲಾಗಿ ಓದಿದಳು. ಮೂರನೇ ಪುಟದಲ್ಲಿ ಬೆರಳಿಟ್ಟಳು.

"ಇಲ್ಲಿ 'ಸುಮಾರು ಎಂಟು ಮೀಟರ್' ಅಂತ ಹಾಕಿದ್ದೀರಿ. ಸುಮಾರು ಅಲ್ಲ ಮೇಡಮ್, ಎಂಟೇ. ಹೆಜ್ಜೆಯಿಟ್ಟು ಅಳೆದಿದ್ದೆ."

ರಜನಿ ಆ ಪದವನ್ನು ಹೊಡೆದುಹಾಕಿ ಪಕ್ಕದಲ್ಲಿ ತನ್ನ ಸಹಿ ಮಾಡಿದಳು. ಆಮೇಲೆ ಶೈಲಶ್ರೀ ಪೆನ್ನು ಕೈಗೆ ತೆಗೆದುಕೊಂಡಳು.