ಪ್ರಣಮ್ಯಾ ಸಾರಿ ಹೇಳಲಿಲ್ಲ

"ಸತ್ತಿಯಮಾ ನಾನು ಮುಟ್ಟಿಲ್ಲ! ಸತ್ತಿಯಮಾ!"

ಪ್ರಣಮ್ಯಾ ಹೋಟೆಲಿನ ನಟ್ಟನಡುವೆ ನಿಂತು ಕೂಗುತ್ತಿದ್ದಳು. ಶಟರ್ ಇನ್ನೂ ಅರ್ಧ ಮಾತ್ರ ಮೇಲೆದ್ದಿತ್ತು. ಗಿರಾಕಿಗಳು ಬಂದಿರಲಿಲ್ಲ. ಹಾಗಾಗಿ ಅವಳ ಕೂಗನ್ನು ಖಾಲಿ ಕುರ್ಚಿಗಳೆಲ್ಲ ಕೂತು ಕೇಳಿದವು. ಕೋಪ ಬಂದರೆ ಅವಳ ಬಾಯಲ್ಲಿ ತಮಿಳು ಬರುತ್ತದೆ. ಆಣೆ ಹಾಕುವುದಂತೂ ಯಾವಾಗಲೂ ತಮಿಳಿನಲ್ಲೇ.

"ನೀನಲ್ಲದಿದ್ರೆ ಮತ್ತೆ ಯಾರು ಮುಟ್ಟಿದ್ದು? ಸಾಂಬಾರ್ ಬಕೆಟಾ?" ಎಂದ ಮಿಥುನ್.

ಮಿಥುನ್ ಅವಳ ಅಣ್ಣ. ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸು, ಓದುತ್ತಾನೆ. ಅವನ ಎದುರು ಟೇಬಲ್ ಮೇಲೆ ಲ್ಯಾಪ್‌ಟಾಪ್ ಇತ್ತು. ಕೈಯಲ್ಲಿ ಚಾರ್ಜರಿನ ವಯರು. ಅದರ ತುದಿಯನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿದ್ದ ದುಂಡನೆಯ ತೂತಿಗೆ ತುರುಕಿ ತುರುಕಿ ಅವನಿಗೆ ಸಾಕಾಗಿತ್ತು. ಅದು ಒಳಗೆ ಹೋಗುತ್ತಲೇ ಇರಲಿಲ್ಲ.

"ಅಪ್ಪಾ, ಬ್ಯಾಟರಿ ಕೆಂಪಾಗಿದೆ! ನಾಳೆ ನನ್ನ ಪ್ರಾಜೆಕ್ಟ್ ಕೊಡ್ಲಿಕ್ಕುಂಟು. ಇವಳು ಎಂತದೋ ಮಾಡಿ ಹಾಳು ಮಾಡಿಟ್ಟಿದ್ದಾಳೆ!"

ಅಪ್ಪ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಈ ತಮಿಳು ಊರಿನ ಗಿಂಡಿ ರೈಲ್ವೆ ಸ್ಟೇಷನ್ ಹತ್ತಿರ ಈ ಹೋಟೆಲ್ ಯಾರದೆಂದು ಕೇಳಿದರೆ ಆಟೋದವರೂ ಅಪ್ಪ ಭೋಜರಾಜರ ಹೆಸರು ಹೇಳುತ್ತಾರೆ. ಕೆಳಗೆ ಹೋಟೆಲ್, ಮೇಲೆ ಮಹಡಿಯಲ್ಲಿ ಮನೆ.

"ಎಂತ ಗಲಾಟೆ ಅದು? ವಿಜಯದಶಮಿ ದಿನ ಬೆಳಗ್ಗೆ ಬೆಳಗ್ಗೆ?"

ಮಿಥುನ್ ಚಾರ್ಜರ್ ತೋರಿಸಿದ. ಅಪ್ಪ ಚಾರ್ಜರ್ ನೋಡಲಿಲ್ಲ. ನೇರ ಪ್ರಣಮ್ಯಾಳನ್ನು ನೋಡಿದರು.

ಅದಕ್ಕೆ ಕಾರಣ ಇತ್ತು. ಹೋದ ತಿಂಗಳು ಲ್ಯಾಪ್‌ಟಾಪ್ ಮನೆಗೆ ಬಂದ ದಿನವೇ ಅಪ್ಪ ಹೇಳಿದ್ದರು, "ಇದು ಅಣ್ಣನಿಗೆ ಓದ್ಲಿಕ್ಕೆ. ನೀನು ಮುಟ್ಬೇಡ. ಗೊತ್ತಿಲ್ಲದ್ದನ್ನು ಮುಟ್ಬಾರ್ದು."

ಗೊತ್ತಿಲ್ಲವೇ? ಪ್ರಣಮ್ಯಾಗೆ ಮೈಯೆಲ್ಲ ಉರಿದಿತ್ತು. ಅವಳ ಐದನೇ ಕ್ಲಾಸಿನ ಕಂಪ್ಯೂಟರ್ ಪುಸ್ತಕದಲ್ಲಿ 'ನೋಟ್‌ಬುಕ್ ಕಂಪ್ಯೂಟರಿನ ಭಾಗಗಳು' ಎಂದೇ ಒಂದು ಪಾಠ ಇದೆ. ದೊಡ್ಡ ಚಿತ್ರ, ಸುತ್ತಲೂ ಬಾಣದ ಗುರುತು. ಅದರ ಹೆಸರುಗಳೆಲ್ಲ ಅವಳಿಗೆ ಬಾಯಿಪಾಠ. ಆದರೆ ಚಿತ್ರದಲ್ಲಿರುವ ಕೀಗಳನ್ನು ಬೆಳಗಿನಿಂದ ಸಂಜೆಯವರೆಗೆ ಒತ್ತಿದರೂ ಏನೂ ಆಗುವುದಿಲ್ಲ! ನಿಜವಾದದ್ದು ಮನೆಯಲ್ಲೇ ಇರುವಾಗ ಚಿತ್ರ ನೋಡಿಕೊಂಡು ಕೂರಲು ಅವಳೇನು ಪೆದ್ದಿಯೇ?

ಹಾಗಾಗಿ ಅವಳು ಮುಟ್ಟಿದ್ದಳು. ಎರಡು ಸಲ ಸಿಕ್ಕಿಬಿದ್ದಿದ್ದಳು ಕೂಡ. ಒಂದು ಸಲ ಲ್ಯಾಪ್‌ಟಾಪನ್ನು ಮಗುಚಿ ಹಾಕಿ ತಳದ ಸ್ಕ್ರೂಗಳನ್ನು ನೋಡುತ್ತಿದ್ದಾಗ, ಇನ್ನೊಂದು ಸಲ ಟಚ್‌ಪ್ಯಾಡ್ ಮೇಲೆ ಎರಡು ಬೆರಳು ಆಡಿಸುತ್ತಿದ್ದಾಗ. ಎರಡು ಸಲವೂ ಅವಳು "ಹೌದು, ಮುಟ್ಟಿದೆ" ಎಂದು ಒಪ್ಪಿಕೊಂಡಿದ್ದಳು. ಅದನ್ನು ಮಾತ್ರ ಈಗ ಯಾರೂ ನೆನಪಿಟ್ಟುಕೊಂಡಿರಲಿಲ್ಲ.

"ಮೊನ್ನೆ ಚಾರ್ಜರ್ ಸರಿಯಾಗಿ ಹೋಗ್ತಿತ್ತು" ಎಂದ ಮಿಥುನ್. "ನಿನ್ನೆ ಇವಳೇ ಎಂತದೋ ಮಾಡಿದ್ದು."

"ನಿನ್ನೆ ಆಯುಧ ಪೂಜೆ! ಪೂಜೆಗೆ ಇಟ್ಟದ್ದನ್ನು ಯಾರಾದ್ರೂ ಮುಟ್ತಾರಾ? ನನಗೆ ವಿದ್ಯೆ ಬೇಡ್ವಾ?"

ಅದು ನಿಜ. ನಿನ್ನೆ ಮಧ್ಯಾಹ್ನದ ಮೇಲೆ ಹೋಟೆಲಿಗೆ ರಜೆ. ಗ್ರೈಂಡರ್, ಕಾಫಿ ಬಾಯ್ಲರ್, ತಕ್ಕಡಿ, ಅಪ್ಪನ ಸ್ಕೂಟರ್ ಎಲ್ಲಕ್ಕೂ ಸ್ನಾನ, ಗಂಧ, ಕುಂಕುಮ, ಹೂವು. ಈ ಸಲ ಲ್ಯಾಪ್‌ಟಾಪ್ ಕೂಡ ಮಹಡಿ ಇಳಿದು ಬಂದು ಗ್ರೈಂಡರ್ ಪಕ್ಕದಲ್ಲಿ ಕೂತು ಪೂಜೆ ಮಾಡಿಸಿಕೊಂಡಿತ್ತು. ಪೂಜೆ ಆದ ಮೇಲೆ ಮರುದಿನ ಬೆಳಗಿನವರೆಗೆ ಯಾರೂ ಯಾವುದನ್ನೂ ಮುಟ್ಟುವಂತಿಲ್ಲ. ಇವತ್ತು ಬೆಳಗ್ಗೆ ಮಿಥುನ್ ಬಂದವನೇ ಲ್ಯಾಪ್‌ಟಾಪಿನ ಮೇಲಿದ್ದ ಹೂವನ್ನೆಲ್ಲ ಒಂದೇ ಏಟಿಗೆ ಗುಡಿಸಿ ಹಾಕಿ, ಎತ್ತಿಕೊಂಡು ಬಂದಿದ್ದ.

"ಸಾಕು" ಎಂದರು ಅಪ್ಪ. "ಇನ್ನು ಅದು ಕಪಾಟಿನೊಳಗೆ. ಅಣ್ಣ ಓದುವಾಗ ತೆಗೀತಾನೆ, ಆಮೇಲೆ ಬೀಗ. ನೀನು ಹೈಸ್ಕೂಲಿಗೆ ಹೋಗುವವರೆಗೆ ಅದರ ಹತ್ತಿರ ಸುಳೀಬಾರ್ದು. ಈಗ ಅಣ್ಣನಿಗೆ ಸಾರಿ ಹೇಳು."

"ಹೇಳುದಿಲ್ಲ."

ಕಾವಲಿಗೆ ಎಣ್ಣೆ ಸವರುತ್ತಿದ್ದ ಕಾಂತಪ್ಪ ಮಾಮನ ಕೈ ನಿಂತಿತು. ಹೋಟೆಲ್ ಶುರುವಾದಾಗಿನಿಂದ ಅವರೇ ಇಲ್ಲಿ ದೋಸೆ ಹುಯ್ಯುವವರು. ಭೋಜರಾಜರಿಗೆ ಯಾರಾದರೂ ಹೀಗೆ ಎದುರು ಹೇಳಿದ್ದನ್ನು ಅವರು ಕೇಳಿದ್ದಿಲ್ಲ.

"ಸಾರಿ ಹೇಳುವವರೆಗೆ ಆ ಕುರ್ಚಿಯಿಂದ ಏಳ್ಬೇಡ."

"ಏಳುದಿಲ್ಲ!" ಎಂದು ಪ್ರಣಮ್ಯಾ ಧೊಪ್ಪನೆ ಕುರ್ಚಿಯಲ್ಲಿ ಕೂತಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಆದರೂ ಜಮೀನ್ದಾರರ ಹಾಗೆ ಎದೆ ಸೆಟೆಸಿ ಕೂತಳು.

ಅಮ್ಮ ಒಂದು ತಟ್ಟೆಯಲ್ಲಿ ಬಿಸಿ ಬಿಸಿ ಕಾಶಿ ಹಲ್ವ ತಂದು ಮುಂದಿಟ್ಟರು. ಕೂಗಾಡುವ ಮಕ್ಕಳಿಗೆಲ್ಲ ಅಮ್ಮ ಸುಗುಣಾ ಅವರ ಬಳಿ ಇರುವುದು ಇದೊಂದೇ ಔಷಧ.

"ಒಂದು ಸಾರಿ ಅಂದ್ರೆ ನಿನ್ನ ಗಂಟು ಎಂತ ಹೋಗ್ತದೆ ಮಗಾ? ಹೇಳಿ ಮುಗಿಸು."

"ಮಾಡದ್ದಕ್ಕೆ ಯಾಕಮ್ಮ ಹೇಳ್ಬೇಕು? ಸಾರಿ ಹೇಳಿದ್ರೆ ನಾನೇ ಮಾಡಿದ್ದು ಅಂತ ಆಗ್ತದೆ. ಆಮೇಲೆ ಮನೆಯಲ್ಲಿ ಬಲ್ಬ್ ಹೋದ್ರೂ ನಾನೇ, ನೀರು ಬರದಿದ್ರೂ ನಾನೇ!"

ಹಲ್ವ ಘಮಘಮ ಅನ್ನುತ್ತಿತ್ತು. ಅದರ ಮೇಲಿನ ಗೋಡಂಬಿ ಬಾ ಬಾ ಎಂದು ಕರೆಯುತ್ತಿತ್ತು. ಅವಳು ತಟ್ಟೆಯನ್ನು ಟೇಬಲಿನ ಆಚೆ ತುದಿಗೆ ತಳ್ಳಿದಳು. ಹಟ ಹಿಡಿದರೆ ಹಿಡಿದ ಹಾಗೆಯೇ ಇರಬೇಕು, ಹಲ್ವಕ್ಕೆ ಮಾರುವ ಹಟ ಅವಳದಲ್ಲ. ಬೈಗುಳಕ್ಕಿಂತ ಅವಳಿಗೆ ನೋವಾದದ್ದು ಇನ್ನೊಂದಕ್ಕೆ. ಅಪ್ಪ ಒಂದು ಸಲವೂ "ಹೌದಾ ಮಗಾ?" ಎಂದು ಕೇಳಿರಲಿಲ್ಲ.

ಅಳಬಾರದು ಎಂದು ಅವಳು ಸುತ್ತ ಕಣ್ಣು ಹಾಯಿಸಿದಳು. ಎಲ್ಲೆಲ್ಲೂ ನಿನ್ನೆಯ ಪೂಜೆಯ ಹಳದಿ ಸೇವಂತಿಗೆ. ಕೋಯಂಬೇಡಿನ ಹೂವಿನ ಮಾರ್ಕೆಟಿನಿಂದ ಅಪ್ಪನೇ ಹೋಗಿ ಚೀಲ ತುಂಬ ತಂದದ್ದು. ಹೂವಿಡುವ ಕೆಲಸವನ್ನು ಅವರು ಬೇರೆ ಯಾರಿಗೂ ಬಿಡುವುದಿಲ್ಲ. ಅದಕ್ಕೆ ಅವರದೇ ಒಂದು ಕ್ರಮ. ನೂಲು ಕಟ್ಟುವಂತಿಲ್ಲ, ಟೇಪ್ ಅಂಟಿಸುವಂತಿಲ್ಲ, ಹೂವು ತಾನಾಗಿ ನಿಲ್ಲಬೇಕು. ಪೂಜೆ ಮುಗಿಯುವ ಮೊದಲು ಬಿದ್ದರೆ ಅಪಶಕುನ. ಅದಕ್ಕೆ ಅವರು ಎಲ್ಲಿ ಸಂದು ಕಂಡರೆ ಅಲ್ಲಿ ದಂಟು ಸಿಕ್ಕಿಸುತ್ತಾರೆ. ಗ್ರೈಂಡರಿನ ಬೋಲ್ಟಿನ ತೂತಲ್ಲಿ ಒಂದು ಹೂವು. ಬಾಯ್ಲರಿನ ಹಿಡಿಯ ಸಂದಿನಲ್ಲಿ ಒಂದು. ಸ್ಕೂಟರಿನ ಕೀ ಹಾಕುವಲ್ಲಿ ಕೂಡ ಒಂದು.

ಕೀ ಹಾಕುವಲ್ಲಿ...

ಪ್ರಣಮ್ಯಾ ಕುರ್ಚಿಯಿಂದ ಜಿಗಿದಳು.

"ಏಳ್ಬೇಡ ಅಂದಿದ್ದೆ" ಎಂದರು ಅಪ್ಪ.

"ಲ್ಯಾಪ್‌ಟಾಪ್ ನೋಡ್ಲಿಕ್ಕುಂಟು ನನಗೆ. ಮುಟ್ಟುದಿಲ್ಲ. ನೋಡಿ, ಕೈ ಹಿಂದೆ ಕಟ್ಕೊಂಡಿದ್ದೇನೆ. ಕಣ್ಣಿಂದ ನೋಡಿದ್ರೂ ಹಾಳಾಗ್ತದಾ?"

ಕಾಂತಪ್ಪ ಮಾಮ ಕಾವಲಿ ಕಡೆ ತಿರುಗಿ ನಗು ನುಂಗಿದರು. ಅಪ್ಪ ಬೇಡ ಎನ್ನಲಿಲ್ಲ.

ಅವಳು ಕೈ ಹಿಂದೆ ಕಟ್ಟಿಕೊಂಡೇ ಟೇಬಲ್ ಹತ್ತಿರ ಬಂದಳು. "ಮೊದಲು ಶಟ್‌ಡೌನ್ ಮಾಡು" ಎಂದಳು ಮಿಥುನ್‌ಗೆ.

"ನೀನ್ಯಾರು ನನಗೆ ಹೇಳ್ಲಿಕ್ಕೆ?"

"ಮಾಡ್ತೀಯಾ, ಇಲ್ವಾ?"

ಅವನು ಗೊಣಗುತ್ತ ಮಾಡಿದ. ಸ್ಕ್ರೀನ್ ಕಪ್ಪಾಯಿತು.

"ಈಗ ಈ ಬದಿ ತಿರುಗಿಸು. ಇದು ಹೆಡ್‌ಫೋನಿನದ್ದು. ಇದು ಯುಎಸ್‌ಬಿ, ಪೆನ್ ಡ್ರೈವ್ ಹಾಕುವ ಜಾಗ. ಇದರಲ್ಲಿ ಎಂತದೂ ಸಿಕ್ಕಿಕೊಂಡಿಲ್ಲ. ಇದು ಎಚ್‌ಡಿಎಂಐ, ಟಿವಿಗೆ ಕನೆಕ್ಟ್ ಮಾಡ್ಲಿಕ್ಕೆ. ಆಚೆ ತಿರುಗಿಸು. ಈ ಗೀರುಗೀರು ಉಂಟಲ್ಲ, ಇದು ಫ್ಯಾನಿನ ಕಿಂಡಿ. ಒಳಗಿನ ಬಿಸಿಗಾಳಿ ಇಲ್ಲಿಂದ ಹೊರಗೆ ಹೋಗ್ಬೇಕು. ನೀನು ಹಾಸಿಗೆ ಮೇಲೆ ಇಟ್ಕೊಂಡು ಸಿನಿಮಾ ನೋಡ್ತೀಯಲ್ಲ, ಆಗ ಇದು ಮುಚ್ಚಿಹೋಗ್ತದೆ."

"ಸಿನಿಮಾವಾ?" ಎಂದರು ಅಪ್ಪ.

ಮಿಥುನ್ ಕಿವಿ ಕೆಂಪಾಯಿತು. "ಅದೆಲ್ಲ ಈಗ ಯಾಕೆ? ಬೇಗ ಹೇಳು."

"ಇದು ಚಾರ್ಜಿಂಗ್ ಪೋರ್ಟ್. ಒಳಗೆ ನಡುವಲ್ಲಿ ಸಣ್ಣ ಪಿನ್ ಕಾಣ್ಬೇಕು. ಟಾರ್ಚ್ ಹಾಕಿ ನೋಡು. ಕಾಣ್ತದಾ?"

ಮಿಥುನ್ ಮೊಬೈಲಿನ ಟಾರ್ಚ್ ಬಿಟ್ಟು ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದ. "ಪಿನ್ ಇಲ್ಲ... ಎಂತದೋ ಹಸಿರು ಉಂಟು."

ಅವನು ಕ್ಯಾಶ್ ಕೌಂಟರಿನಿಂದ ಒಂದು ಟೂತ್‌ಪಿಕ್ ತಂದು ತೂತಿಗೆ ಹಾಕಿದ. ಹಸಿರು ಇನ್ನಷ್ಟು ಒಳಗೆ ಹೋಯಿತು. ಮತ್ತೆ ಹಾಕಿದ. ಅವನ ಬೆರಳೇ ದಪ್ಪ, ತಾಳ್ಮೆಯೋ ಸಾಸಿವೆಯಷ್ಟು.

"ಅಯ್ಯೋ ತಳ್ಬೇಡ! ಬದಿಯಿಂದ ಕೊಕ್ಕೆ ಹಾಕಿದ ಹಾಗೆ ಎಳೀಬೇಕು" ಎಂದಳು ಪ್ರಣಮ್ಯಾ. ಹಿಂದೆ ಕಟ್ಟಿದ ಕೈಗಳು ತುರಿಸುತ್ತಿದ್ದವು.

ಮಿಥುನ್ ಸುಮ್ಮನೆ ಟೂತ್‌ಪಿಕ್ಕನ್ನು ಅವಳ ಮುಂದೆ ಚಾಚಿದ.

ಅವಳು ತೆಗೆದುಕೊಳ್ಳಲಿಲ್ಲ. ಅಪ್ಪನ ಕಡೆ ತಿರುಗಿದಳು. "ಮುಟ್ಲಾ?" ಎಂದು ಕೇಳಿದಳು. ಕೇಳಿದ ರೀತಿ ಅಪ್ಪಣೆ ಕೇಳಿದ ಹಾಗಿರಲಿಲ್ಲ, ಸವಾಲು ಹಾಕಿದ ಹಾಗಿತ್ತು.

ಅಪ್ಪ "ಹ್ಞೂಂ" ಎಂದರು.

ಪ್ರಣಮ್ಯಾ ಉಸಿರು ಬಿಗಿಹಿಡಿದು, ಟೂತ್‌ಪಿಕ್ಕಿನ ತುದಿಯನ್ನು ಬದಿಯಿಂದ ನಿಧಾನವಾಗಿ ಇಳಿಸಿದಳು. ಒಂದಿಷ್ಟು ಓರೆಯಾಗಿಸಿ ಎಳೆದಳು. ಜಾರಿತು. ಇನ್ನೊಮ್ಮೆ ಎಳೆದಳು. ಸಣ್ಣದೊಂದು ಹಸಿರು ತುಂಡು ಹೊರಗೆ ಬಂದು ಟೇಬಲ್ ಮೇಲೆ ಬಿತ್ತು. ಅದರ ನಡುವೆ ಪಿನ್ ಚುಚ್ಚಿದ ಗುರುತಿತ್ತು.

ಸೇವಂತಿಗೆಯ ದಂಟು!

ಮಿಥುನ್ ಅದನ್ನು ನೋಡಿದ. ಬೆಳಗ್ಗೆ ಹೂವು ಗುಡಿಸಿದ ತನ್ನ ಕೈಯನ್ನೂ ನೋಡಿಕೊಂಡ. "ನಾನು ಗುಡಿಸುವಾಗ ಮುರಿದದ್ದು..." ಎಂದು ಮೆಲ್ಲಗೆ ಹೇಳಿದ. ಆಮೇಲೆ, "ಆದ್ರೆ ಇದನ್ನು ಇಲ್ಲಿ ಸಿಕ್ಕಿಸಿದ್ದು..." ಎಂದು ಅಲ್ಲೇ ನಿಲ್ಲಿಸಿಬಿಟ್ಟ.

ಸಿಕ್ಕಿಸಿದ್ದು ಯಾರೆಂದು ಎಲ್ಲರಿಗೂ ಗೊತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕಾಂತಪ್ಪ ಮಾಮ ಫ್ಯಾನನ್ನೇ ನೋಡುತ್ತ ನಿಂತರು. ಅಮ್ಮ ಒರೆಸಿದ ಟೇಬಲನ್ನೇ ಮತ್ತೆ ಒರೆಸತೊಡಗಿದರು.

"ಅಪ್ಪಾ, ಇದನ್ನು ಸಿಕ್ಕಿಸಿದ್ದು ನೀವು" ಎಂದಳು ಪ್ರಣಮ್ಯಾ. "ನಾನಲ್ಲ. ನೀವು ನನ್ನನ್ನು ಕೇಳ್ಲೇ ಇಲ್ಲ. ಈಗ ಸಾರಿ ಯಾರು ಹೇಳ್ಬೇಕು?"

ಅಪ್ಪ ಆ ದಂಟನ್ನು ಎತ್ತಿಕೊಂಡು ಅಂಗೈಯಲ್ಲಿ ಹೊರಳಿಸಿ ನೋಡಿದರು. "ತೂತು ಉಂಟು ಅಂತ ಇಟ್ಟೆ" ಎಂದರು. "ಅದು ಕರೆಂಟಿಂದು ಅಂತ ನನಗೆಂತ ಗೊತ್ತು? ನಾನು ಅದನ್ನು ಒಂದು ಸಲ ತೆರೆದು ಕೂಡ ನೋಡಿಲ್ಲ."

"ಈಗ ನೋಡಿ, ಬನ್ನಿ."

"ಬೇಡ ಬೇಡ. ನಾನು ಮುಟ್ಟಿ ಎಂತಾದ್ರೂ ಆದ್ರೆ?"

ಹಾಗೆ ಹೇಳುತ್ತ ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಪ್ರಣಮ್ಯಾ ಅವರನ್ನೇ ನೋಡಿದಳು. ಇದೇ ಅಪ್ಪ ಅಡುಗೆಮನೆಯಲ್ಲಿ ಗ್ರೈಂಡರಿನ ಸದ್ದು ಕೇಳಿಯೇ ಬೆಲ್ಟ್ ಸಡಿಲ ಆಗಿದೆ ಎನ್ನುತ್ತಾರೆ. ಕುದಿಯುವ ಬಾಯ್ಲರಿನ ಮುಚ್ಚಳವನ್ನು ಬರಿಗೈಯಲ್ಲಿ ತೆಗೆಯುತ್ತಾರೆ. ಅವರಿಗೆ ಹೆದರಿಕೆ ಆಗುವುದುಂಟು ಎಂದು ಅವಳು ಎಣಿಸಿಯೇ ಇರಲಿಲ್ಲ. ಒಂದು ತಿಂಗಳಿಂದ ಲ್ಯಾಪ್‌ಟಾಪ್ ಇರುವ ಕೋಣೆಗೆ ಅವರು ಬಂದರೆ ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದುದು ಅವಳಿಗೆ ಈಗ ಹೊಳೆಯಿತು. ಮುಟ್ಟಬೇಡ, ಮುಟ್ಟಬೇಡ ಎಂದದ್ದು ತನಗೆ ಮಾತ್ರ ಎಂದುಕೊಂಡು ಅವಳು ಇಷ್ಟು ದಿನ ಉರಿದಿದ್ದಳು.

ಕೋಪ ಪೂರ್ತಿ ಹೋಗಿರಲಿಲ್ಲ. ಹೋಗಲು ಅವಳು ಬಿಡಲೂ ಇಲ್ಲ. ಆದರೆ ಅವಳು ಅಪ್ಪನ ಹಿಂದೆ ಹೋಗಿ, ಕಟ್ಟಿದ್ದ ಕೈಗಳಲ್ಲಿ ಒಂದನ್ನು ಬಿಡಿಸಿ, ಹಿಡಿದು ಎಳೆದುಕೊಂಡೇ ಬಂದಳು. ಅಷ್ಟರಲ್ಲಿ ಮಿಥುನ್ ಸಿಕ್ಕಿಸಿದ ಚಾರ್ಜರ್ ಸಲೀಸಾಗಿ ಒಳಗೆ ಹೋಗಿತ್ತು.

"ಸಾರಿ ಆಮೇಲೆ ಹೇಳಿ. ಮರೀಬಾರ್ದು, ನಾನು ಬಿಡುದಿಲ್ಲ. ಮೊದಲು ಇದನ್ನು ಒತ್ತಿ."

"ಎಲ್ಲಿ?"

"ಇಲ್ಲಿ, ಮೂಲೆಯಲ್ಲಿ. ಇದು ಪವರ್ ಬಟನ್. ಎಂತ ಆಗುದಿಲ್ಲ. ನಾನಿದ್ದೇನಲ್ಲ?"

ಅಪ್ಪ ಬೆರಳನ್ನು ಪಂಚೆಗೆ ಒರೆಸಿಕೊಂಡರು. ಇನ್ನೊಮ್ಮೆ ಒರೆಸಿಕೊಂಡರು. ಬಟನ್ನಿನ ಮೇಲೆ ಬಂದು ನಿಂತ ಆ ದಪ್ಪ ಬೆರಳು ಸಣ್ಣಗೆ ನಡುಗುತ್ತಿತ್ತು.

ಎಲ್ಲರೂ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಪ್ರಣಮ್ಯಾ ಸ್ವಲ್ಪ ಪಕ್ಕಕ್ಕೆ ಸರಿದು, ಅಪ್ಪನ ಕೈ ಯಾರಿಗೂ ಕಾಣದ ಹಾಗೆ ಅಡ್ಡ ನಿಂತುಕೊಂಡಳು.